ಬಿಳಿ ಅಂಟು

ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವು ಹೊರದೇಶಗಳ ಅಂಚೆ ಇಲಾಖೆಗಳು ತಮ್ಮ ಹಳೆಯ ಅಂಚೆಚೀಟಿಗಳನ್ನು ಸಂಗ್ರಹಕಾರರಿಗೆಂದೇ ಮತ್ತೊಮ್ಮೆ ಮುದ್ರಿಸಿದವು. ಆಗ ಕೊಂಡವರು ಕಡಿಮೆ. ಹಾಗಾಗಿ ಅವುಗಳಲ್ಲಿ ಕೆಲವು ಇಂದು ಮೂಲ ಚೀಟಿಗಿಂತ ಅಪರೂಪ. ನಾನು ಸೇರಿಸುವುದು ಅವನ್ನೇ. ನೀಲಿ ಬಣ್ಣದ ಒಂದಕ್ಕಾಗಿ ಮೂರು ವರ್ಷ ಹುಡುಕಿದ್ದೆ. ಅದು ಮರುಮುದ್ರಣವೆಂಬುದಕ್ಕೆ ಮುಖ್ಯ ಸಾಕ್ಷಿ ಬೆನ್ನಿನ ಅಂಟು. ಮೂಲದ್ದರಲ್ಲಿ ಅದು ಕಂದು, ನನ್ನದರಲ್ಲಿ ಬಿಳಿ.

ಆಲ್ಬಮನ್ನು ನಾನು ಯಾರಿಗೂ ತೋರಿಸುತ್ತಿರಲಿಲ್ಲ. ಆದರೆ ನನ್ನನ್ನು ನೋಡಲು ಬರುವ ಹುಡುಗನ ತಂದೆಗೂ ಇದೇ ಹವ್ಯಾಸವೆಂದು ತಿಳಿದಾಗ ಅಮ್ಮ ಫೋನಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದಳು.

ಭಾನುವಾರ ಚೆನ್ನೈನ ವೇಲಚೇರಿಯ ನಮ್ಮ ಫ್ಲ್ಯಾಟಿಗೆ ಅವರು ಬಂದರು. ಕಾಫಿ ಮುಗಿಯುವ ಮೊದಲೇ ಹುಡುಗನ ತಂದೆ, "ಏನಮ್ಮಾ, ಎಲ್ಲಿ ನಿನ್ನ ಸ್ಟಾಂಪು? ತಗೊಂಬಾ, ನೋಡೋಣ," ಎಂದರು.

"ಜಾತಕಕ್ಕಿಂತ ಮೊದ್ಲು ಆಲ್ಬಮ್ಮೇ ಕೂಡಿಬಂತು!" ಎಂದು ನನ್ನ ಸೋದರತ್ತೆ ನಕ್ಕಳು.

ತಂದುಕೊಟ್ಟೆ. ಅವರು ನೀಲಿ ಚೀಟಿಯನ್ನು ಹೊರತೆಗೆದು, ತಿರುಗಿಸಿ ನೋಡಿ, ಮುಖ ಕಿವಿಚಿದರು. "ಥೂ, ಹಿಂದೆಲ್ಲ ಅಂಟು ಹಂಗೇ ಇದೆಯಲ್ಲಮ್ಮಾ. ತೊಳೀದೆ ಇಟ್ರೆ ಹುಳ ಬೀಳತ್ತೆ. ಒಂದು ಬಟ್ಟಲಲ್ಲಿ ನೀರು ಕೊಡಿ."

"ಅದಕ್ಕೆ ನೀರು ತಾಗಬಾರದು," ಎಂದೆ.

"ನಾನು ನಲವತ್ತು ವರ್ಷದಿಂದ ತೊಳೀತಿದೀನಿ, ಮಗಾ."

"ಅಪ್ಪಾ, ವಿಡುಂಗಪ್ಪಾ," ಎಂದ ಮಗ, ಫೋನಿನಿಂದ ತಲೆಯೆತ್ತದೆ. ಬಿಟ್ಟುಬಿಡಿ ಎಂದು ತಂದೆಗೆ ತಮಿಳಿನಲ್ಲಿ ಹೇಳಿದ; ಅವನು ಆಡಿದ್ದು ಅಷ್ಟೇ. ಅಮ್ಮ ಆಗಲೇ ಬಟ್ಟಲು ತಂದಿದ್ದಳು. ನನ್ನ ಹೆಗಲನ್ನು ಮೆಲ್ಲಗೆ ಒತ್ತಿದಳು. ಏಳಬೇಡ ಎಂದು ಅದರ ಅರ್ಥ. ನಾನು ಏಳಲಿಲ್ಲ.

ಐದು ನಿಮಿಷದ ಮೇಲೆ ಅವರು ಚೀಟಿಯನ್ನು ನೀರಿನಿಂದ ಎತ್ತಿ, ತಮ್ಮದೇ ಕರವಸ್ತ್ರದ ಮೇಲೆ ಜೋಪಾನವಾಗಿ ಹರಡಿದರು. ಬೆನ್ನು ಬೋಳಾಗಿತ್ತು. "ಈಗ ನೋಡು, ಎಷ್ಟು ಚೊಕ್ಕ," ಎಂದರು. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. ಅದೇ ಕಾರಣಕ್ಕೆ ನನಗೆ ಸಿಟ್ಟನ್ನೂ ತೋರಿಸಲಾಗಲಿಲ್ಲ.

ಸಂಜೆ ಅವರ ಮನೆಯಿಂದ ಫೋನ್ ಬಂತು. ಹುಡುಗಿ ಶಾಂತ ಸ್ವಭಾವದವಳು, ಎಲ್ಲರಿಗೂ ಒಪ್ಪಿಗೆ ಎಂದರಂತೆ. ಅಮ್ಮ ಫೋನನ್ನು ಅಂಗೈಯಿಂದ ಮುಚ್ಚಿ, "ಏನೇ ಹೇಳ್ಲಿ?" ಎಂದಳು.

"ನನಗೆ ಬೇಡ ಅನ್ನು."

ಅವಳು ಫೋನಿನಿಂದ ಕೈ ತೆಗೆದು, "ನಾಚ್ಕೋತಿದಾಳೆ, ಇನ್ನೇನಿಲ್ಲ. ನೀವು ದಿನ ನೋಡ್ಸಿ," ಎಂದಳು.