ಅತ್ತೆಯ ಬಾಯಿ, ನನ್ನ ಕಾಲೇಜು

ನಮ್ಮ ಅತ್ತೆಯ ಬಲಗೈ ತೋರುಬೆರಳು ಸದಾ ಕಪ್ಪಗಿರುತ್ತಿತ್ತು. ಸುಟ್ಟ ತಂಬಾಕಿನ ಮಸೇರಿಯನ್ನು ಹಲ್ಲಿಗೆ ದಿನಕ್ಕೆ ಎಷ್ಟು ಸಲ ತಿಕ್ಕುತ್ತಿದ್ದಳೋ ಆ ಶಿವನೇ ಬಲ್ಲ. ಅದೇ ಬೆರಳನ್ನು ಎದುರಿನವರ ಮುಖಕ್ಕೆ ತಿವಿಯುವ ಹಾಗೆ ಆಡಿಸುತ್ತ ಬೈಯುವಳು. ಆಕೆ ಅಪ್ಪನ ಅಕ್ಕ, ಮನೆ ಹುಕ್ಕೇರಿಯಲ್ಲಿ. ನಮ್ಮ ಘೋಡಗೇರಿಯಲ್ಲಿ ಆಗ ಹೈಸ್ಕೂಲು ಇರಲಿಲ್ಲ. ಹಾಗಾಗಿ ಮ್ಯಾಟ್ರಿಕ್ ಮುಗಿಯುವ ತನಕ ನಾನು ಆ ಬೆರಳಿನ ಕೆಳಗೇ ಬದುಕಬೇಕಾಯಿತು.

ಉಣ್ಣಿಸುವುದರಲ್ಲಿ ಆಕೆ ಕೈ ಬಿಗಿಹಿಡಿದವಳಲ್ಲ, ಅದು ಖರೆ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಜೊತೆಗೇ ಒಂದು ಬೈಗುಳವನ್ನೂ ಬಡಿಸುವಳು. ನಾನು ಪುಸ್ತಕ ಹಿಡಿದು ಕೂತರೆ ಸಾಕು, ಆಕೆಗೆ ಬೀಸುವ ಕಲ್ಲು ನೆನಪಾಗುತ್ತಿತ್ತು. "ಓದಿ ಮಾಮಲೇದಾರಕಿ ಮಾಡಾಕಿ ಏನ ನೀ? ಏಳ, ಜ್ವಾಳಾ ಬೀಸ" ಎನ್ನುವಳು. ನನ್ನದೇ ವರ್ಗದಲ್ಲಿ ಓದುತ್ತಿದ್ದ ಆಕೆಯ ಮಗನಿಗೆ ಮಾತ್ರ ಕುಡಿದ ಲೋಟ ಎತ್ತಿಡುವ ಕೆಲಸವೂ ಇರಲಿಲ್ಲ. ಅವನು ಪಾಪದ ಹುಡುಗ. ಸೈಕಲ್ ಕಂಡರೆ ಜೀವ, ಪುಸ್ತಕ ಕಂಡರೆ ತಲೆನೋವು. ನಾನು ಅವನ ಹೆಂಡತಿಯೆಂದು ಅತ್ತೆ ನಾನು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನಿಸಿಬಿಟ್ಟಿದ್ದಳು. ಸೋದರತ್ತೆಯ ಹಕ್ಕು ಅದು. ಯಾರೂ ನನ್ನನ್ನು ಕೇಳಿರಲಿಲ್ಲ.

ಮ್ಯಾಟ್ರಿಕ್ ಫಲಿತಾಂಶದ ಪೇಪರಿನಲ್ಲಿ ನನ್ನ ನಂಬರು ಬಂತು, ಅವನದು ಬರಲಿಲ್ಲ. ಪೇಪರಿನವರು ತಪ್ಪು ಹಾಕಿದ್ದಾರೆಂದು ಅತ್ತೆ ಮೊದಲು ಜಗಳ ತೆಗೆದಳು. ಆಮೇಲೆ, ತನ್ನ ಮಗನ ಪಾಲಿನ ವಿದ್ಯೆಯನ್ನೂ ನಾನೇ ನುಂಗಿದೆನೆಂದು ಓಣಿಯ ತುಂಬ ಸಾರಿಕೊಂಡು ಬಂದಳು.

ನಮ್ಮ ಹೆಡ್‌ಮಾಸ್ತರರು ಬೆಳಗಾವಿಯ ಕಾಲೇಜಿನಿಂದ ಅರ್ಜಿ ತರಿಸಿ, ನಡತೆಯ ಸರ್ಟಿಫಿಕೇಟನ್ನೂ ಬರೆದುಕೊಟ್ಟಿದ್ದರು. ಹುಡುಗಿಯರ ಹಾಸ್ಟೆಲಿನಲ್ಲಿ ಒಂದು ಜಾಗಕ್ಕೂ ಹೇಳಿಟ್ಟಿದ್ದರು. ಇನ್ನು ಬೇಕಾದದ್ದು ಅಪ್ಪನ ಸಹಿ ಒಂದೇ. ಅರ್ಜಿ ಹಿಡಿದು ಊರಿಗೆ ಓಡಿದೆ. ಅಪ್ಪ ಆಗಲಿ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಅಕ್ಕ ಏನಂತಾಳೋ ಕೇಳೋಣ ಎನ್ನುತ್ತ ದಿನ ದೂಡಿದ. ತಾಯಿ ಇಲ್ಲದ ಅವನನ್ನು ಬೆಳೆಸಿದವಳೇ ಆ ಅಕ್ಕ. ಆಕೆಯ ಮಾತು ಮೀರುವುದು ಅವನಿಗೆ ಗೊತ್ತೇ ಇರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅರ್ಜಿಯ ಕೊನೆಯ ದಿನ ಹತ್ತಿರ ಬಂದಿತ್ತು. ಅದು ತಪ್ಪಿದರೆ ಜೀವನಪೂರ್ತಿ ಅದೇ ಬೀಸುವ ಕಲ್ಲು.

ಅಷ್ಟರಲ್ಲಿ ಅತ್ತೆಯೇ ಬಂದಳು. ತೆಂಗಿನಕಾಯಿ, ಸಕ್ಕರೆ, ನನಗೊಂದು ಇಳಕಲ್ ಸೀರೆ. ಮಾತು ಗಟ್ಟಿ ಮಾಡಲು ಬಂದಿದ್ದಳು. ಅಪ್ಪ ಆಗಲೇ ಬಾಜೂ ಮನೆಯ ಹಿರಿಯರನ್ನು ಕರೆಸಿ ಜಮಖಾನೆ ಹಾಸಿಸಿದ್ದ. ಒಳಗೆ ನಿಂತು ನಾನು ಹಲ್ಲು ಕಚ್ಚಿಕೊಂಡಿದ್ದೆ. ಎಲ್ಲ ಮುಗಿದೇಹೋಯಿತು ಅನ್ನುವಾಗ ಅತ್ತೆಯ ಕಣ್ಣಿಗೆ ಗೋಡೆಯ ಗೂಡಿನಲ್ಲಿದ್ದ ಅರ್ಜಿ ಬಿತ್ತು. ಏನದು ಎಂದು ಕೇಳಿದಳು. ಅಪ್ಪ ಅಂಜುತ್ತಲೇ ಹೇಳಿದ. ಸುಮ್ಮನಿದ್ದಿದ್ದರೆ ಆಕೆ ಗೆಲ್ಲುತ್ತಿದ್ದಳು. ಆದರೆ ಸುಮ್ಮನಿರುವ ಬಾಯಿಯೇ ಅದು?

"ಮಗಳ ಪಗಾರ ತಿನ್ನೂ ಆಸೆ ಹತ್ತೈತೇನೋ ನಿನಗ?" ಎಂದು ಹಿರಿಯರ ಎದುರಿಗೇ ಬೆರಳು ಆಡಿಸಿದಳು. "ಕಾಲೇಜ ಕಟ್ಟಿ ಹತ್ತಿದ ಹುಡುಗಿ ನನ್ನ ಮನಿಗಿ ಬ್ಯಾಡ. ಸಹಿ ಮಾಡಿದೆಂದ್ರ ಈಕಿನ್ನ ನನ್ನ ಮಗಗ ತರಂಗಿಲ್ಲ, ತಿಳ್ಕೋ."

ಪುಣ್ಯಾತಗಿತ್ತಿ ಇದನ್ನು ಬೆದರಿಕೆ ಅಂದುಕೊಂಡೇ ಹೇಳಿದಳು! ಹಿರಿಯರು ನೆಲ ನೋಡಿದರು. ಅಪ್ಪನ ಮುಖ ಕೆಂಪಾಯಿತು. ಅವನು ಆಕೆಯ ಕಡೆ ನೋಡಲೇ ಇಲ್ಲ.

"ಪೆನ್ನ ತಗೊಂಬಾರವಾ" ಅಂದ ನನಗೆ.

ಅತ್ತೆ ಕಾಯಿ, ಸಕ್ಕರೆ, ಸೀರೆ ಎಲ್ಲ ಮತ್ತೆ ಗಂಟು ಕಟ್ಟಿಕೊಂಡು ಬಂದ ಬಸ್ಸಿಗೇ ಹೊರಟಳು. ಚಹಾ ಕೂಡ ಕುಡಿಯಲಿಲ್ಲ. ಮುಂದೆ ಸಾಯುವ ತನಕ ಆಕೆ ನನ್ನೊಡನೆ ಮಾತಾಡಲಿಲ್ಲ, ನನ್ನ ಬಗ್ಗೆ ಮಾತ್ರ ಸಿಕ್ಕಸಿಕ್ಕವರಲ್ಲಿ ಆಡಿಕೊಂಡಳು. ರಜೆಗೆ ಬರುವಾಗ ಊರಿನ ಬಸ್ಸು ಹಿಡಿಯಲು ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ನನಗೆ ಕೇಳುವ ಹಾಗೆ, ಮಾಮಲೇದಾರರ ಸವಾರಿ ಬಂತೆಂದು ಯಾರಿಗೋ ಹೇಳುವಳು. ನಾನೂ ಕಡಿಮೆಯವಳಲ್ಲ. ಬೇಕೆಂದೇ ಆಕೆಯ ಮುಂದಿನಿಂದ ಹಾದು ಹೋಗುತ್ತಿದ್ದೆ.

ಆಕೆ ತೀರಿಕೊಂಡಾಗ ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅಪ್ಪನ ಜೊತೆ ಮಣ್ಣಿಗೆ ಹೋದೆ. ಆಕೆಯ ಮಗ ಸೈಕಲ್ ಅಂಗಡಿ ಇಟ್ಟು, ಮೇಲವಂಕಿಯ ಹೆಣ್ಣು ತಂದು ಸುಖವಾಗಿದ್ದ. ನನಗೆ ಅಳು ಬರಲಿಲ್ಲ. ಬರುವ ದಾರಿಯಲ್ಲಿ ಬಸ್ಸಿನಲ್ಲಿ ಅಪ್ಪನನ್ನು ಕೇಳಿದೆ, ಅವತ್ತು ಯಾಕೆ ಸಹಿ ಮಾಡಿದೆ ಎಂದು. ನೀನು ಶಾಣ್ಯಾಕಿ, ಓದಿನಲ್ಲಿ ಮುಂದಿದ್ದಿ, ಅದಕ್ಕೆ ಅಂದಾನು, ಇಷ್ಟು ವರ್ಷ ನಾನು ನಂಬಿದ್ದನ್ನೇ ಅವನ ಬಾಯಿಂದ ಕೇಳೋಣ ಅಂತ ಆಸೆ.

ಅಪ್ಪ ಒರೆಸಿಕೊಂಡಿದ್ದ ಕಣ್ಣನ್ನು ಮತ್ತೆ ಒರೆಸಿಕೊಂಡ. "ನಮ್ಮಕ್ಕ ಅವತ್ತ ಒಂದ ಮಾತ ಮೆತ್ತಗ ಅಂದಿದ್ಲಂದ್ರ ನಿನ್ನ ಕೊಟ್ಟಬಿಡ್ತಿದ್ದೆ ನೋಡವಾ" ಅಂದ.

ಅಪ್ಪನ ಉಪಕಾರವೆಂದು ಹೊತ್ತು ತಿರುಗಿದ್ದು ಆ ಬಾಯಿಬಡುಕಿಯದಾಗಿತ್ತು. ಆಕೆಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಆದರೆ ಮೆತ್ತಗೆ ಮಾತಾಡುವವರನ್ನು ಕಂಡರೆ ಅವತ್ತಿನಿಂದ ನನಗೆ ಹೆದರಿಕೆ.