ಹೊಂಗೆ ಪೊಟರೆಯ ಕೋಶಗಳು

ಮೂಗೂರಿನ ಹತ್ತಿರ ನಮ್ಮಕ್ಕನ ಮನೆಯವರು ರೇಷ್ಮೆ ಹುಳು ಸಾಕುತ್ತಾರೆ. ಆ ಮನೆಗೆ ಹಾವು ಬಂತೆಂದರೂ ಯಾರೂ ಅಷ್ಟು ಗಾಬರಿಯಾಗುವುದಿಲ್ಲ. ಊಜಿ ಬಂತೆಂದರೆ ಊಟದ ತಟ್ಟೆ ಬಿಟ್ಟು ಏಳುತ್ತಾರೆ. ಊಜಿ ಒಂದು ನೊಣ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳುವನ್ನು ಒಳಗಿನಿಂದಲೇ ತಿಂದು ಹೊರಬಂದು, ಯಾವುದಾದರೂ ಸಂದಿಯಲ್ಲಿ ಕಂದು ಕೋಶವಾಗಿ ಕೂರುತ್ತದೆ. ಹಾಗಾಗಿ ಅವರಿಗೆ ಕಂದು ಬಣ್ಣದ ಯಾವ ಕೋಶ ಕಂಡರೂ ಊಜಿಯೇ.

ಈ ಸಲ ಹೊಸ ಹುಳು ತರುವ ಮುಂಚೆ ಗುಡಿಸುವಾಗ, ಹುಳುಮನೆ ಪಕ್ಕದ ಹೊಂಗೆಮರದ ಬುಡದಲ್ಲಿ ಭಾವನಿಗೆ ಅಂಥ ಕೋಶಗಳು ಸಿಕ್ಕವು. ಮೇಲಿನ ಪೊಟರೆಯಲ್ಲಿ ಗೊರವಂಕ ಗೂಡು ಕಟ್ಟಿತ್ತು. ಅಲ್ಲಿಂದ ಉದುರಿದ ಹುಲ್ಲಿಗೆ ಅವು ಅಂಟಿಕೊಂಡಿದ್ದವು. ಪೊಟರೆಯೇ ಊಜಿಯ ಬೀಡು ಎಂದು ಭಾವ ಮರ ಕಡಿಯುವವರಿಗೆ ಹೇಳಿಯೇಬಿಟ್ಟರು. ಅಕ್ಕ ನನಗೆ ಫೋನು ಮಾಡಿ ಅತ್ತಳು. ಆ ನೆರಳಲ್ಲೇ ಅವಳು ಹುಳುಗಳಿಗೆ ಸೊಪ್ಪು ಹೆಚ್ಚುವುದು.

ನಾನು ನಂಜನಗೂಡಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಬಸ್ಸು ಹಿಡಿದು ಹೋದೆ. ನಿಜ ಹೇಳಬೇಕೆಂದರೆ ಅಕ್ಕನಿಗೆ ಮರದ ಚಿಂತೆ, ನನಗೆ ಕೋಶದ ಹುಚ್ಚು. ಅದರ ಮೇಲೆ ಒಣಗಿದ ನೊರೆಯಂಥ ಬಿಳಿ ಹೊದಿಕೆ ಇತ್ತು; ಊಜಿ ಕೋಶದಲ್ಲಿ ನಾನು ಅದನ್ನು ಕಂಡಿರಲಿಲ್ಲ. ನೊಣದ ಕೋಶ ಯಾವ ಜಾತಿಯದೆಂದು ತಿಳಿಯಲು ಮುಂಭಾಗ ನೋಡಿ ಪ್ರಯೋಜನವಿಲ್ಲ, ಹಿಂಭಾಗ ನೋಡಬೇಕು; ಅಲ್ಲಿ ಉಸಿರಾಟದ ಎರಡು ಪುಟ್ಟ ಬಿಲ್ಲೆಗಳಿರುತ್ತವೆ, ಜಾತಿಗೊಂದು ಗೆರೆ. ನನ್ನ ಲೆನ್ಸಿಗೆ ಆ ಗೆರೆಗಳು ದಕ್ಕಲಿಲ್ಲ.

“ನೊಣ ಈಚೆ ಬರೋವರ್ಗೂ ತಾಳಿ ಭಾವ,” ಎಂದೆ, ಕೋಶಗಳನ್ನು ಒಂದು ಬಾಟಲಿಗೆ ಹಾಕುತ್ತ.

“ತಾಳ್ತೀನಿ. ಆದ್ರೆ ಆ ಬಾಟ್ಲಿ ನಮ್ಮನೇಲಿ ಇಕ್ಕಬ್ಯಾಡ ಕಣಮ್ಮ. ಈಚೆಗ್ ಬಂದ್‌ಮ್ಯಾಕೆ ಸಾಯ್ಸಿ ತಗಂಡ್ ಬಾ. ಜೀವ ಇರೋ ನೊಣ ನನ್ ಬಾಗ್ಲಿಗ್ ಬರಕೂಡ್ದು.”

ಬಾಯಿಗೆ ಬಟ್ಟೆ ಕಟ್ಟಿದ ಬಾಟಲಿ ನನ್ನ ಅಡುಗೆಮನೆಯಲ್ಲಿ, ಸಾರಿನ ಪುಡಿ ಡಬ್ಬದ ಪಕ್ಕ ಕೂತಿತು. ಊಜಿಯೇ ಆಗಿದ್ದರೆ ‘ಮರ ಕಡೀರಿ’ ಎಂದು ನನ್ನ ಬಾಯಲ್ಲೇ ಹೇಳಬೇಕಿತ್ತು. ಪಾಠ ಮಾಡುವಾಗಲೂ ಅದೇ ಧ್ಯಾನ. ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಬಾಟಲಿಯೊಳಗೆ ಗುಂಯ್ ಎಂದಿತು. ಬೂದು ನೊಣ. ಊಜಿಗಿಂತ ಸಣ್ಣದು, ಊಜಿಗಿರುವ ಒರಟು ಮುಳ್ಳುಗೂದಲು ಹೊಟ್ಟೆಯ ಮೇಲಿಲ್ಲ. ಹಾಲು ಉಕ್ಕಿದ್ದೇ ಗೊತ್ತಾಗಲಿಲ್ಲ.

ನಾನು ಒಯ್ದ ಸತ್ತ ನೊಣವನ್ನು ಭಾವ ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. “ಊಜಿ ಅಲ್ಲ ಬುಡು,” ಎಂದು, ಮರ ಕಡಿಯುವವರಿಗೆ ಬರಬೇಡಿ ಎಂದು ಫೋನು ಮಾಡಿದರು. ನಾನು ಜಂಬದಿಂದ ಅಕ್ಕನ ಕಡೆ ನೋಡಿದೆ.

“ಮತ್ತೆ ಇದು ಏನ್ ತಿಂದು ಬದುಕ್ತದೆ?” ಎಂದರು ಭಾವ.

ಇದು ಹಕ್ಕಿಗೂಡಿನ ನೊಣ, ಇದರ ಮರಿಹುಳು ಹಕ್ಕಿಮರಿಗಳ ರಕ್ತ ಹೀರುತ್ತದೆ, ಜಾಸ್ತಿಯಾದರೆ ಅವು ಉಳಿಯುವುದಿಲ್ಲ ಎಂದೆ.

ಅಕ್ಕ ತಲೆಯೆತ್ತಿ ಪೊಟರೆ ನೋಡಿದಳು. “ಮರಿಗಳ ಸದ್ದು ನಿಂತಾಗ ಹಾರೋದ್ವು ಅಂದ್ಕಂಡಿದ್ವಲ್ಲೇ.”

ನನ್ನ ಜಂಬವೆಲ್ಲ ಇಳಿದುಹೋಯಿತು.

“ಅವುಕ್ಕೂ ಊಜಿ ಕಾಟ ಅನ್ನು,” ಎಂದರು ಭಾವ. ಆಮೇಲೆ ಮೆಲ್ಲಗೆ ಕೇಳಿದರು: “ಇನ್ನೊಂದ್ ಸಲ ಗೂಡ್ ಕಟ್ಟೋಕ್ ಮುಂಚೆ ಆ ಪೊಟರೇನ ನಾನ್ ಕೆರ್ದು ಗುಡಿಸ್ಬೋದಾ? ಹುಳಿನ ಮನೆ ಗುಡಿಸ್ದಂಗೆ?”

ಗುಡಿಸಿ ಭಾವ ಎಂದೆ. ಅವರು ಏಣಿ ತರಲು ಹೋದರು.