ಗಲ್ಲ ಉಬ್ಬಿಸಿ ನಿಂತ ಜಕ್ಕಪ್ಪ

ಬನಹಟ್ಟಿಯ ಜಕ್ಕಪ್ಪ ಮಳೆಗಾಲದಲ್ಲಿ ಮಗ್ಗದ ಶೆಡ್ಡಿನ ಹತ್ತಿಧೂಳು ನುಂಗುವ ಬಡಪಾಯಿ. ಲಗ್ನದ ಸೀಜನ್ ಬಂತೆಂದರೆ ಕೆಂಪು ಕೋಟು, ಜರಿಯ ಗೊಂಡೆ, ಹವಾಯಿ ಚಪ್ಪಲಿಯ ಸೇನಾಪತಿ. ತುಕಾರಾಮನ ಬ್ಯಾಂಡಿನಲ್ಲಿ ಅವನೇ ಮುಂದಾಳು. ಅವನ ಟ್ರಂಪೆಟ್ಟಿಗೆ ಮುಧೋಳದ ಬೇಟೆನಾಯಿಗಳೂ ಬಾಲ ಮುದುರುತ್ತವೆಂದು ಪ್ರತೀತಿ. ನಾಯಿಗಳನ್ನು ಯಾರೂ ಕೇಳಿರಲಿಲ್ಲ.

ಒಂದು ವರ್ಷ ಕೆಮ್ಮಿನ ಜೊತೆ ರಕ್ತ ಬಂತು. ಊದುವುದು ಬಿಡು ಎಂದರು ಡಾಕ್ಟರು. ಬಿಟ್ಟರೆ ಕೋಟು ಹೋಗುತ್ತದೆ. ಮಗ್ಗದ ಮುಂದೆ ಸೇನಾಪತಿಗೆ ಯಾರು ಸಲಾಮು ಹೊಡೆಯುತ್ತಾರೆ? ಹೀಗಾಗಿ ಅವನು ಹೊಸ ವಿದ್ಯೆ ಕಲಿತ: ಗಲ್ಲ ಉಬ್ಬಿಸಿ, ಬೆರಳಾಡಿಸಿ, ಒಂದಿಷ್ಟೂ ಊದದಿರುವುದು. ಹಿಂದೆ ನಿಂತು ಊದುವವನು ಬ್ಯಾಂಡಿನ ಹುಡುಗ ಮಾಳು.

"ಊದಾಂವ ನಾ, ಹಾರ ನಿಮಗ. ಛಲೋ ಐತಿ ಕಾಕಾ."

"ಸುಮ್ನ ಊದಲೇ, ಮಂದಿ ನೋಡಾಕತ್ತಾರ."

ಗಲಗಲಿ ಹತ್ತಿರ, ಹಿನ್ನೀರಿಗೆ ಊರು ಕಳಕೊಂಡವರ ಹೊಸ ವಸತಿಯಲ್ಲಿ ಒಂದು ಲಗ್ನ. ಮಾಳುವಿನ ತುಟಿ ಕಣಜದ ಹುಳ ಕಡಿದು ಬಾತು, ಅಂದು ಅವನ ಕೈಯಲ್ಲಿ ತಾಳ. ನಮ್ಮ ಕಡೆ ಸಾವಿನ ಮನೆಯ ಮುಂದೆ ಬ್ಯಾಂಡು ಬಾಯಿ ಮುಚ್ಚಬೇಕು. ಹೆಣ್ಣಿನ ಮನೆಯ ಬಾಗಿಲಲ್ಲಿ ಮುಂದಾಳು ಒಬ್ಬನೇ ಊದಬೇಕು. ಬಾಗಿಲು ಬಂತು. ಎಲ್ಲರೂ ನಿಲ್ಲಿಸಿದರು. ಜಕ್ಕಪ್ಪನ ಗಲ್ಲ ಉಬ್ಬಿತು, ಬೆರಳು ಕುಣಿದವು. ಸದ್ದಿಲ್ಲ.

ವರನ ಅಪ್ಪ ಶಿವಪುತ್ರ ಕುದುರೆಯ ಲಗಾಮು ಹಿಡಿದ. "ಇಳೀಬ್ಯಾಡೋ. ಮನ್ಯಾಗ ಹೆಣಾ ಐತಿ."

ಹೆಂಗಸರು ಒಳಗೋಡಿ, ಹಾಸಿಗೆ ಹಿಡಿದಿದ್ದ ಅಜ್ಜಿ ಮುದಕವ್ವನನ್ನು ಅಲುಗಾಡಿಸಿದರು. "ನಾ ಇನ್ನೂ ಹೋಳಿಗಿ ತಿಂದಿಲ್ಲಬೇ" ಎಂದಳು. ಸಾಕ್ಷಿಗೆಂದು ಮಂಚ ಸಮೇತ ಹೊರಗೆ ತಂದರು.

"ಈಕಿ ಅಲ್ಲಂದ್ರ ಬ್ಯಾರೆ ಯಾರೋ ಸತ್ತಾರ" ಎಂದು ಶಿವಪುತ್ರ ಕುದುರೆ ತಿರುಗಿಸಿದ. ಹೊಸ್ತಿಲಲ್ಲಿ ಮದುಮಗಳು ಮಾಯಾ ಬಿಳಿಚಿಕೊಂಡು ನಿಂತಿದ್ದಳು.

"ಖರೆ ಹೇಳ್ರಿ ಕಾಕಾ, ಎದಿ ಕೆಟ್ಟೈತಿ ಅಂತ" ಎಂದು ಮಾಳು ಪಿಸುಗುಟ್ಟಿದ.

ಹೇಳಿದ್ದರೆ ಲಗ್ನ ಉಳಿಯುತ್ತಿತ್ತು, ಕೋಟು ಉಳಿಯುತ್ತಿರಲಿಲ್ಲ. ಸೇನಾಪತಿ ಒಲ್ಲೆನೆಂದು ತಲೆಯಾಡಿಸಿ ನಿಜವಾಗಿ ಊದಿದ. ಅಂಥ ವಾದನ ಹಿಂದೆಂದೂ ಕೇಳಿರಲಿಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಎರಡು ಕಡೆ ಸ್ವರ ತಪ್ಪಿತ್ತು. ವರ ಇಳಿದ, ಆರತಿಯಾಯಿತು. ಜಕ್ಕಪ್ಪ ಚಪ್ಪರದ ಹಿಂದೆ ಹೋಗಿ ಕೂತ. ಕೆಂಪು ಕೋಟಿನ ಮೇಲೆ ರಕ್ತ ಯಾರಿಗೂ ಕಾಣಲಿಲ್ಲ.

ಮಾಳು ನೀರು ಒಯ್ದಾಗ ಅವನ ಉಸಿರು ಮುಗಿದಿತ್ತು. ಅಕ್ಷತೆ ಇನ್ನೂ ಬಿದ್ದಿರಲಿಲ್ಲ. ಸುದ್ದಿ ಹಬ್ಬಿದರೆ ಕುದುರೆ ಮತ್ತೆ ತಿರುಗುತ್ತದೆ. ಹೆಣ್ಣಿನವರು ತಾಡಪತ್ರಿ ತಂದು ಹೊದಿಸಿದರು. "ಜೋರ ಬಾರಸ್ರಿ" ಎಂದ ತುಕಾರಾಮ. ಬಾರಿಸಿದರು. ಊಟಕ್ಕೆ ಕೂತವರು ಬ್ಯಾಂಡನ್ನು ಹೊಗಳಿದರು.

ಸಂಜೆ ಟೆಂಪೋದಲ್ಲಿ ತುಕಾರಾಮ ಹೆಣದ ಕೋಟಿನ ಗುಂಡಿ ಬಿಚ್ಚತೊಡಗಿದ.

"ಇರಲಿ ಬಿಡ್ರಿ ಮಾಲಕರ" ಎಂದ ಮಾಳು.

"ನಾಳೆ ಬೀಳಗ್ಯಾಗ ಲಗ್ನ ಐತಿ. ಮುಂದ ನಿಂದ್ರಾಂವ ನೀ. ಏನ ಹಾಕ್ಕೋತಿ?"

ಕೈ ಸೆಟೆದಿದ್ದವು, ಕೋಟಿನ ತೋಳು ಬರಲಿಲ್ಲ. ಮಾಳು ಆ ಕಡೆಯ ತೋಳು ಹಿಡಿದು ಎಳೆದ.